ಮೊದಲು ಪ್ರತಿ, ಆಮೇಲೆ ರಿಪೇರಿ

ಹಿಂದಿನ ಸಂಚಿಕೆಯಲ್ಲಿ ಹಳೆಯ ಕೀಲಿಮಣೆಗಳ ಬಗ್ಗೆ ಬರೆಯುತ್ತಾ, ಹಳೆಯ ಕಂಪ್ಯೂಟರುಗಳಲ್ಲಿ ಕಡತ ಉಳಿಸಿಡುತ್ತಿದ್ದ ಕಾಂತೀಯ ತಟ್ಟೆಯಾದ ಫ್ಲಾಪಿಯ ಹೆಸರು ಎತ್ತಿದ್ದೇ ತಡ, ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಹೀಗಾಗಿ ಈ ಸಲದ ಪುಟವೆಲ್ಲ ಫ್ಲಾಪಿಗೇ ಮೀಸಲು. 1990ರಿಂದ ಬಳ್ಳಾರಿಯ ರಾಯಲ್ ವೃತ್ತದ ಹತ್ತಿರ ಒಂದು ಸಣ್ಣ ಅಂಗಡಿಯಲ್ಲಿ ಕುಳಿತು ಫ್ಲಾಪಿ ಓದುವ ಡ್ರೈವುಗಳನ್ನು ಬಿಚ್ಚಿ ಜೋಡಿಸಿದವನು ನಾನು. ಕೈಯಾರೆ ಮಾಡಿ ತಿಳಿದದ್ದನ್ನು ಹೇಳುತ್ತೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದರಲ್ಲಿ ಒಬ್ಬರ ಹನ್ನೆರಡು ವರ್ಷದ ದುಡಿಮೆ ಇದೆ.

ಪ್ರಶ್ನೆ: ನಮ್ಮ ಯಜಮಾನರು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕರಾಗಿದ್ದರು. ಸುತ್ತಲಿನ ಹಳ್ಳಿಗಳ ಬೀಸುವ ಪದ, ಸೋಬಾನೆ ಪದಗಳನ್ನು ಹನ್ನೆರಡು ವರ್ಷ ಕೂಡಿಸಿ, ಮನೆಯ ಕಂಪ್ಯೂಟರಿನಲ್ಲಿ ತಾವೇ ಟೈಪ್ ಮಾಡಿ ಹದಿನಾಲ್ಕು ಫ್ಲಾಪಿಗಳಲ್ಲಿ ಇಟ್ಟಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಈಚೆಗೆ ಮಗ ಊರಿಗೆ ಬಂದಾಗ ಆ ಕಂಪ್ಯೂಟರನ್ನು ಬಿಚ್ಚಿ, ಧೂಳು ಒರೆಸಿ, ಮತ್ತೆ ಜೋಡಿಸಿದ. ಈಗ ಆನ್ ಮಾಡಿದರೆ ಫ್ಲಾಪಿ ಡ್ರೈವಿನ ಹಸಿರು ದೀಪ ಹತ್ತಿದ್ದು ಆರುವುದೇ ಇಲ್ಲ. ಒಂದು ಫ್ಲಾಪಿ ಹಾಕಿದೆವು, ಓದಲಿಲ್ಲ. ಎರಡನೆಯದನ್ನು ಹಾಕಲು ಕೈ ಬರುತ್ತಿಲ್ಲ. ಏನು ಮಾಡಲಿ?
– ನಿವೃತ್ತ ಶಿಕ್ಷಕಿ, ಸಿಂಧನೂರು

ಉತ್ತರ: ಅಕ್ಕಾವರೆ, ಎರಡನೆಯದನ್ನು ಹಾಕದೆ ಕೈ ತಡೆದಿರಲ್ಲ, ಆ ಹದಿಮೂರು ಫ್ಲಾಪಿಗಳನ್ನು ಉಳಿಸಿದ್ದು ಅದೇ. ದೀಪ ಆರದಿರುವುದು ಡ್ರೈವ್ ಕೆಟ್ಟ ಲಕ್ಷಣವಲ್ಲ. ಡ್ರೈವಿನಿಂದ ಕಂಪ್ಯೂಟರಿನ ಮುಖ್ಯ ಬೋರ್ಡಿಗೆ, ಅಂದರೆ ಮದರ್‌ಬೋರ್ಡಿಗೆ, ಹೋಗುವ ಚಪ್ಪಟೆ ಪಟ್ಟಿ ಕೇಬಲ್ ಒಂದು ತುದಿಯಲ್ಲಿ ತಲೆಕೆಳಗಾಗಿ ಕೂತಿದೆ. ಬಿಚ್ಚಿ ಜೋಡಿಸಿದ ಮೇಲೆ ಹೀಗಾಯಿತು ಎಂದು ನೀವೇ ಬರೆದಿದ್ದೀರಿ. ಮಗನನ್ನು ಬೈಯಬೇಡಿ. ಕೆಲವು ಕೇಬಲ್‌ಗಳಲ್ಲಿ ಉಲ್ಟಾ ಸೇರದಂತೆ ತಡೆಯುವ ಗುಬುಟು ಇರುತ್ತದೆ, ಅಗ್ಗದವುಗಳಲ್ಲಿ ಅದು ಇರುವುದಿಲ್ಲ.

ಆ ಕೇಬಲಿನಲ್ಲಿ 34 ತಂತಿಗಳಿವೆ. ಬೆಸ ಸಂಖ್ಯೆಯವೆಲ್ಲ ಅರ್ಥಿಂಗ್, ಸಮ ಸಂಖ್ಯೆಯವು ಆಜ್ಞೆ ಮತ್ತು ಮಾಹಿತಿ ಸಾಗಿಸುವಂಥವು. ಒಂದು ತಂತಿಯ ವೋಲ್ಟೇಜ್ ಇಳಿದರೆ ಡ್ರೈವ್ ಅದನ್ನು 'ಆಜ್ಞೆ ಬಂತು' ಎಂದು ತಿಳಿಯುತ್ತದೆ. ಕೇಬಲ್ ಉಲ್ಟಾ ಆದಾಗ ಆಜ್ಞೆಯ ತಂತಿಗಳೆಲ್ಲ ಅರ್ಥಿಂಗಿಗೆ ತಾಗಿ ಕೂರುತ್ತವೆ. ದೀಪ ಹತ್ತು, ಮೋಟಾರು ತಿರುಗು, ಬರೆ ಎಂಬ ಎಲ್ಲ ಆಜ್ಞೆಗಳೂ ಒಟ್ಟಿಗೆ ಬಂದಂತೆ ಡ್ರೈವಿಗೆ ಕಾಣುತ್ತದೆ. ಆಗ ಫ್ಲಾಪಿ ಹಾಕಿದರೆ, ಓದಿ ಬರೆಯುವ ಹೆಡ್ ಎಲ್ಲಿ ನಿಂತಿದೆಯೋ ಆ ಸುತ್ತು, ಅಂದರೆ ತಟ್ಟೆಯ ಮೇಲಿನ ಬಳೆಯಂಥ ಆ ಗೆರೆ, ಅಳಿಸಿಹೋಗುವ ಅಪಾಯವಿದೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. 1993ರ ಬೇಸಿಗೆಯಲ್ಲಿ ಅಕ್ಕಿ ಗಿರಣಿಯೊಂದರ ಗುಮಾಸ್ತರು ಕೆಟ್ಟ ಡ್ರೈವಿನ ಜೊತೆಗೆ ವರ್ಷದ ಲೆಕ್ಕದ ಫ್ಲಾಪಿಯನ್ನೂ ತಂದಿದ್ದರು. ಹೊಸ ಡ್ರೈವ್ ಕೂರಿಸಿದೆ, ಕೇಬಲ್ ಉಲ್ಟಾ ಸೇರಿಸಿದೆ. ದೀಪ ಹತ್ತಿಕೊಂಡೇ ಇದ್ದುದು ಕಣ್ಣಿಗೆ ಬಿದ್ದರೂ, ಪರೀಕ್ಷೆಗೆಂದು ಕೈಗೆ ಸಿಕ್ಕ ಅದೇ ಫ್ಲಾಪಿಯನ್ನು ಒಳಗೆ ತಳ್ಳಿದೆ. ಅವರ ಹತ್ತಿರ ಬೇರೆ ಪ್ರತಿ ಇರಲಿಲ್ಲ. ಬಿಲ್ಲುಗಳ ಕಟ್ಟು ಮುಂದಿಟ್ಟುಕೊಂಡು ಹದಿನೈದು ದಿನ ಅವರು ಮತ್ತೆ ಟೈಪ್ ಮಾಡಿದರು. ನಾನು ದಿನಾ ಸಂಜೆ ಅಂಗಡಿ ಮುಚ್ಚಿ ಹೋಗಿ ಪಕ್ಕದಲ್ಲಿ ಕುಳಿತು ಒಂದೊಂದೇ ಅಂಕಿಯನ್ನು ಓದಿ ಹೇಳುತ್ತಿದ್ದೆ. ಅವರು ಒಂದು ಮಾತೂ ಬೈಯಲಿಲ್ಲ, ಅದು ಇನ್ನೂ ನೆನಪಿದೆ. ಅಂದಿನಿಂದ ನನ್ನ ಮೇಜಿನ ಮೇಲೆ ಕೆಂಪು ಶಾಯಿಯಲ್ಲಿ 'ಪರೀಕ್ಷೆ' ಎಂದು ಬರೆದ ಫ್ಲಾಪಿಯೊಂದು ಇದ್ದೇ ಇರುತ್ತದೆ. ಯಾವ ಡ್ರೈವಿಗೂ ಮೊದಲು ಹೋಗುವುದು ಅದು. ಗಿರಾಕಿಯ ಫ್ಲಾಪಿಯ ಸರದಿ ಕೊನೆಗೆ.

ನೀವೂ ಹಾಗೆಯೇ ಮಾಡಿ. ಹದಿನಾಲ್ಕನ್ನೂ ಮೊದಲು ಮೇಜಿನ ಮೇಲೆ ಬೋರಲಾಗಿ ಹಾಕಿ. ಒಂದು ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಜಾರುಗುಂಡಿ ಕಾಣುತ್ತದೆ. ಅದನ್ನು ಉಗುರಿನಿಂದ ಸರಿಸಿ, ತೂತಿನ ಮೂಲಕ ಬೆಳಕು ಕಾಣುವಂತೆ ಮಾಡಿ. ತೂತು ತೆರೆದಿದ್ದರೆ ಡ್ರೈವ್ ಬರೆಯುವುದಿಲ್ಲ, ಓದುತ್ತದೆ ಅಷ್ಟೆ. ಈ ತಡೆ ಡ್ರೈವಿನೊಳಗೇ ಇರುವುದರಿಂದ ಕಂಪ್ಯೂಟರ್ ಏನೇ ಹೇಳಿದರೂ ಅದು ಕೇಳುವುದಿಲ್ಲ. ಮೊನ್ನೆ ಹಾಕಿದ ಆ ಒಂದು ಫ್ಲಾಪಿಯ ತೂತು ಮೊದಲೇ ತೆರೆದಿದ್ದರೆ ಅದಕ್ಕೂ ಏನೂ ಆಗಿರಲಿಕ್ಕಿಲ್ಲ. ಮುಚ್ಚಿದ್ದರೂ ಆಸೆ ಬಿಡಬೇಡಿ. ಅದನ್ನು ಬೇರೆ ಲಕೋಟೆಯಲ್ಲಿ ಇಟ್ಟು ಮೇಲೆ ಗುರುತು ಬರೆಯಿರಿ. ಅಳಿಸಿದ್ದರೂ ಅಳಿಸಿರುವುದು ಹೆಡ್ ನಿಂತ ಸುತ್ತು ಮಾತ್ರ. ಒಂದೊಂದು ಬದಿಗೆ 80 ಸುತ್ತುಗಳಿವೆ, ಉಳಿದವುಗಳಲ್ಲಿ ಹಾಡುಗಳು ಹಾಗೆಯೇ ಇರಬಹುದು. ಮುಂದೆ ಯಾವ ಕಂಪ್ಯೂಟರಿಗೆ ಹಾಕಿದರೂ 'ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?' ಎಂದು ಕೇಳಬಹುದು. ದಯವಿಟ್ಟು 'ಬೇಡ' ಒತ್ತಿ. ಎಷ್ಟು ಸಲ ಕೇಳಿದರೂ 'ಬೇಡ'. ಗಾಬರಿಯಲ್ಲಿ ಅಲ್ಲಿ 'ಹೌದು' ಒತ್ತಿ ಎಲ್ಲವನ್ನೂ ಕಳೆದುಕೊಂಡವರನ್ನು ಎಷ್ಟೋ ಮಂದಿ ನೋಡಿದ್ದೇನೆ.

ಈಗ ಕೇಬಲ್. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆಯಿರಿ. ಪಟ್ಟಿ ಕೇಬಲಿನ ಒಂದು ಅಂಚಿನ ತಂತಿಗೆ ಕೆಂಪು ಬಣ್ಣವಿರುತ್ತದೆ, ಅದು ಒಂದನೆಯ ತಂತಿ. ಮದರ್‌ಬೋರ್ಡಿನಲ್ಲೂ ಡ್ರೈವಿನ ಹಿಂಬದಿಯಲ್ಲೂ ಕೇಬಲ್ ಸೇರುವ ಜಾಗದ ಪಕ್ಕ 1 ಅಥವಾ 2 ಎಂದು ಸಣ್ಣದಾಗಿ ಅಚ್ಚಾಗಿರುತ್ತದೆ. ಟಾರ್ಚ್ ಹಿಡಿದು ನೋಡಿ. ಎರಡೂ ಕಡೆ ಕೆಂಪು ಅಂಚು ಆ ಅಂಕಿಯ ಬದಿಗೇ ಬರಬೇಕು. ಕೇಬಲಿನ ನಡುವೆ ಕೆಲವು ತಂತಿಗಳು ತಿರುಚಿಕೊಂಡಿರುವುದು ಕಾಣುತ್ತದೆ. ಅದು ಕೆಟ್ಟದ್ದಲ್ಲ, ಬೇಕೆಂದೇ ಹಾಗೆ ಮಾಡಿದ್ದು: 10ರಿಂದ 16ರವರೆಗಿನ ತಂತಿಗಳನ್ನು ತಿರುವಿರುತ್ತಾರೆ. ತಿರುಚಿದ ಜಾಗ ದಾಟಿ ತುದಿಯಲ್ಲಿ ಸೇರಿಸಿದ್ದು ಎ ಡ್ರೈವ್, ಅದಕ್ಕೂ ಮುಂಚಿನ ಗೂಡಿಗೆ ಸೇರಿಸಿದ್ದು ಬಿ. ನಿಮ್ಮದು ಒಂದೇ ಡ್ರೈವ್ ಆದ್ದರಿಂದ ತುದಿಯ ಗೂಡಿಗೇ ಹಾಕಿ. ವಿದ್ಯುತ್ತಿನ ನಾಲ್ಕು ಕಾಲಿನ ಚಿಕ್ಕ ಗೂಡನ್ನು ಮಾತ್ರ ಕಣ್ಣಿಟ್ಟು ಸೇರಿಸಿ. ಅದು ಒಂದು ಕಾಲಿನಷ್ಟು ಪಕ್ಕಕ್ಕೆ ಸರಿದು ಕೂತುಬಿಡುತ್ತದೆ. ಹಳದಿ ತಂತಿಯ 12 ವೋಲ್ಟ್ ತಪ್ಪು ಕಾಲಿಗೆ ಹೋದರೆ ಡ್ರೈವ್ ಸುಟ್ಟುಹೋಗಬಹುದು.

ಇಷ್ಟಾದ ಮೇಲೆ ಆನ್ ಮಾಡಿ. ದೀಪ ಒಂದು ಕ್ಷಣ ಹತ್ತಿ, 'ಗರ್ರ್' ಎಂದು ಒಂದು ಸದ್ದಾಗಿ, ಆರಬೇಕು. ಅದು ಹೆಡ್ ಓಡಿಹೋಗಿ ತನ್ನ ಮೊದಲ ಜಾಗ ಮುಟ್ಟಿ ಬರುವ ಸದ್ದು. ದೀಪವೂ ಹತ್ತದೆ ಸದ್ದೂ ಬರದಿದ್ದರೆ ಸೆಟಪ್, ಅಂದರೆ ಕಂಪ್ಯೂಟರಿನ ಮೂಲ ವಿವರಗಳ ಪರದೆ, ನೋಡಬೇಕು. ಇಷ್ಟು ವರ್ಷದ ಯಂತ್ರದ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಖಾಲಿಯಾಗಿರುತ್ತದೆ, ಗಡಿಯಾರದ ಜೊತೆಗೆ ಡ್ರೈವಿನ ವಿವರವನ್ನೂ ಅದು ಮರೆತಿರುತ್ತದೆ. ಸಿಆರ್ 2032 ಎಂದು ಕೇಳಿದರೆ ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಹೊಸದು ಹಾಕಿ, ಆನ್ ಆಗುವಾಗ ಡಿಲೀಟ್ ಕೀಲಿ ಒತ್ತಿ ಸೆಟಪ್ ಒಳಗೆ ಹೋಗಿ, ಎ ಡ್ರೈವ್ ಎಂಬಲ್ಲಿ 1.44 ಎಂಬಿ, 3.5 ಇಂಚು ಎಂದು ಆರಿಸಿ ಉಳಿಸಿ.

ಆಗಲೂ ನಿಮ್ಮ ಫ್ಲಾಪಿ ಹಾಕಬೇಡಿ. ವರ್ಷಗಟ್ಟಲೆ ಮುಚ್ಚಿಟ್ಟ ಡ್ರೈವಿನ ಹೆಡ್ ಶುದ್ಧವಾಗಿರುವ ಸಾಧ್ಯತೆಯೇ ಇಲ್ಲ. ಕಂಪ್ಯೂಟರಿನ ಹಿಂದಿನ ಫ್ಯಾನ್ ಗಾಳಿಯನ್ನು ಹೊರಗೆ ದೂಡುತ್ತದೆ. ಹಾಗೆ ದೂಡಿದಷ್ಟೂ ಗಾಳಿ ಮುಂದಿನ ಸಂದುಗಳಿಂದ ಒಳಗೆ ಬರಬೇಕು, ಮುಂದಿರುವ ದೊಡ್ಡ ಸಂದು ಫ್ಲಾಪಿಯ ಬಾಯಿ. ನಮ್ಮ ಕಡೆಯ ಧೂಳೆಲ್ಲ ಹೆಡ್ಡಿನ ಮೇಲೆ ಹಾದೇ ಹೋಗುತ್ತದೆ. ಬಳ್ಳಾರಿಯಲ್ಲಿ ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳಲ್ಲಿ ನಾನು ಬಿಚ್ಚಿದ ಡ್ರೈವುಗಳ ಒಳಗೆ ಕುಂಕುಮ ಚೆಲ್ಲಿದಂತೆ ಇರುತ್ತಿತ್ತು. ಸಂಡೂರಿನ ಅದಿರೂ ಕಬ್ಬಿಣದ ಆಕ್ಸೈಡ್, ಫ್ಲಾಪಿಯ ಮೈಗೆ ಬಳಿದ ಲೇಪನವೂ ಕಬ್ಬಿಣದ ಆಕ್ಸೈಡ್. ಒಳ ರಚನೆ ಮಾತ್ರ ಬೇರೆ. ಲೇಪನ ಹಾಡನ್ನು ಹಿಡಿದಿಡುತ್ತದೆ, ಅದಿರು ಅದನ್ನು ಗೀರಿ ಹಾಕುತ್ತದೆ.

ಡ್ರೈವಿನ ಮೇಲಿನ ತಗಡು ತೆಗೆದರೆ ಎರಡು ಹೆಡ್‌ಗಳು ಕಾಣುತ್ತವೆ, ಫ್ಲಾಪಿ ಅವುಗಳ ನಡುವೆ ಸರಿಯುತ್ತದೆ. ಕೆಳಗಿನದು ಗಟ್ಟಿಯಾಗಿ ಕೂತಿರುತ್ತದೆ. ಮೇಲಿನದು ಎಲೆಯಷ್ಟು ತೆಳುವಾದ ತಗಡಿನ ತುದಿಯಲ್ಲಿ ತೂಗುತ್ತಿರುತ್ತದೆ. ಅದನ್ನು ಒಂದು ಜೋಳದ ಕಾಳು ಹಿಡಿಸುವಷ್ಟು ಎತ್ತಿದರೆ ಸಾಕು. ಅದಕ್ಕಿಂತ ಹೆಚ್ಚು ಎತ್ತಿದರೆ ತಗಡು ಬಾಗುತ್ತದೆ, ಬಾಗಿದ್ದು ಮತ್ತೆ ನೇರವಾಗುವುದಿಲ್ಲ. ಹತ್ತಿ ಸುತ್ತಿದ ಕಿವಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿ, ಕನ್ನಡಿಯಂತೆ ಹೊಳೆಯುವ ಆ ಪುಟ್ಟ ಚೌಕದ ಮೇಲೆ ಮೆಲ್ಲಗೆ ಎಳೆಯಿರಿ. ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಐಪಿಎ ಎಂದು ಕೇಳಿದರೆ ಕೊಡುತ್ತಾರೆ, ನೀರಿಲ್ಲದ 99 ಭಾಗದ್ದು ಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಖಂಡಿತ ಬೇಡ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ಕಡ್ಡಿಯ ತುದಿಯಲ್ಲಿ ಕಂದು ಗೆರೆ ಮೂಡಿದರೆ ಅದು ಹಿಂದಿನ ಯಾವುದೋ ಫ್ಲಾಪಿಯ ಮೈಯಿಂದ ಉದುರಿದ ಪುಡಿ. ಕಡ್ಡಿ ಬದಲಿಸುತ್ತಾ, ಬೆಳ್ಳಗೆ ಬರುವವರೆಗೆ ಒರೆಸಿ. ಹೆಡ್ ಓಡಾಡುವ ಸರಳಿನ ಮೇಲಿನ ಗ್ರೀಸ್ ಮೇಣದಂತೆ ಗಟ್ಟಿಯಾಗಿದ್ದರೆ ಅದನ್ನೂ ಒರೆಸಿ ತೆಗೆದು ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಿಂದ ಒಂದೇ ಹನಿ ಮುಟ್ಟಿಸಿ.

ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಆ ಡ್ರೈವನ್ನು ಎಸೆಯಬೇಡಿ, 'ಹೊಸದು ಹಾಕಿಕೊಡುತ್ತೇವೆ' ಎಂದವರಿಗೆ ಕೊಡಲೂ ಬೇಡಿ. ಬಳಸುತ್ತಾ ಹೋದಂತೆ ಹೆಡ್ ತನ್ನ ಸರಿಯಾದ ಜಾಗದಿಂದ ಕೂದಲೆಳೆಯಷ್ಟು ಸರಿದಿರುತ್ತದೆ. ಸರಿದ ಹೆಡ್ಡಿನಿಂದ ಬರೆದದ್ದನ್ನು ಅದೇ ಸರಿದ ಹೆಡ್ ಸಲೀಸಾಗಿ ಓದುತ್ತದೆ, ಸರಿಯಾಗಿರುವ ಬೇರೆ ಡ್ರೈವ್ ಓದದೇ ಇರಬಹುದು. ಹದಿನಾಲ್ಕು ಫ್ಲಾಪಿಗಳನ್ನೂ ಬರೆದದ್ದು ಈ ಒಂದೇ ಡ್ರೈವ್. ಹಾಗಾಗಿ ಅದರ ಜೋಡಣೆಯ ಸ್ಕ್ರೂಗಳಿಗೆ ಯಾರೂ ಕೈ ಹಾಕಬಾರದು. ಕಂಪ್ಯೂಟರಿಗೆ ಯುಎಸ್‌ಬಿ ಮೂಲಕ ಸೇರುವ ಹೊಸ ಫ್ಲಾಪಿ ಡ್ರೈವುಗಳೂ ಸಿಗುತ್ತವೆ. ಒಂದನ್ನು ತರಿಸಿ ಮಗನ ಲ್ಯಾಪ್‌ಟಾಪಿಗೆ ಹಾಕಿ ಓದಿಸಿ. ಅದು ಓದದಿದ್ದುದನ್ನು ಹಳೆಯ ಡ್ರೈವಿನಲ್ಲಿ ಓದಿಸಿ, ಹಳೆಯದು ಓದದಿದ್ದುದನ್ನು ಹೊಸದರಲ್ಲಿ.

ಓದಿಸುವುದೆಂದರೆ ಕಡತವನ್ನು ತೆರೆದು ನೋಡುತ್ತಾ ಕೂರುವುದಲ್ಲ. ಮುಪ್ಪಾದ ಫ್ಲಾಪಿ ತಿರುಗಿದಷ್ಟೂ ಸವೆಯುತ್ತದೆ. ಮೊದಲ ಓದಿನಲ್ಲೇ ಇಡೀ ಫ್ಲಾಪಿಯ ಪಡಿಯಚ್ಚನ್ನು ತೆಗೆದುಕೊಂಡುಬಿಡಬೇಕು. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಈ ಕೆಲಸ ಮಾಡುತ್ತದೆ. ಓದಲು ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಟ ಹಿಡಿದ ಭಾಗಗಳಿಗೆ ಆಮೇಲೆ ಮರಳುತ್ತದೆ. ಪ್ರತಿಯೊಂದು ಪಡಿಯಚ್ಚಿನ ಗಾತ್ರ 14,74,560 ಬೈಟ್ ಇರಬೇಕು. ಎರಡು ಬದಿ, ಬದಿಗೆ 80 ಸುತ್ತು, ಸುತ್ತಿಗೆ 18 ತುಂಡು, ತುಂಡಿಗೆ 512 ಬೈಟ್, ಗುಣಿಸಿ ನೋಡಿ. ಮಗ ಮುಂದಿನ ಸಲ ಬಂದಾಗ ಎರಡು ದಿನ ಬಿಡುವು ಮಾಡಿಕೊಳ್ಳಲಿ.

ಕೊನೆಯದು, ನೀವು ಕೇಳದಿದ್ದರೂ ಹೇಳಬೇಕಾದದ್ದು. ಕಡತ ತೆರೆದಾಗ ಬೀಸುವ ಪದದ ಬದಲು ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಮೇಲೆ ಕೊಂಬು ಬಾಲ ಇರುವ ಚಿಹ್ನೆಗಳು ಕಾಣಬಹುದು. 'ಕೆಟ್ಟುಹೋಗಿದೆ' ಎಂದು ಕಣ್ಣೀರು ಹಾಕಬೇಡಿ, ಅದು ಕೆಟ್ಟಿರುವುದಿಲ್ಲ. ಆ ಕಾಲದಲ್ಲಿ ಬರಹ, ನುಡಿ, ಶ್ರೀಲಿಪಿ ಮುಂತಾದವುಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಡಿಯ ಇಂಗ್ಲಿಷ್ ಹಾಗೆಯೇ ಕಾಣುತ್ತದೆ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ನಿಮ್ಮ ಯಜಮಾನರು ಬಳಸಿದ ಫಾಂಟ್ ಇನ್ನೂ ಇರುತ್ತದೆ, ಅದನ್ನೂ ಉಳಿಸಿಕೊಳ್ಳಿ. ಯಾವ ಫಾಂಟ್ ಎಂದು ತಿಳಿದರೆ ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಿಸುವ ಪರಿವರ್ತಕಗಳು ಇವೆ. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ ಯುನಿಕೋಡ್ ಕನ್ನಡ ಫಾಂಟಿನ ಹೆಸರು ತುಂಗಾ. ತುಂಗಭದ್ರೆಯ ನೀರು ಕುಡಿದವರ ಹಾಡುಗಳು ಆ ಅಕ್ಷರದಲ್ಲಿ ಕಾಣುವ ದಿನ ಒಂದು ಸಾಲು ಬರೆದು ತಿಳಿಸಿ, ಅಕ್ಕಾವರೆ. ನಾನು ಕಾಯುತ್ತಿರುತ್ತೇನೆ.

ಪ್ರಶ್ನೆ: ನಮ್ಮದು ಜೀನ್ಸ್ ಪ್ಯಾಂಟಿನ ಹಿಂಜೇಬಿಗೆ ಕಸೂತಿ ಹಾಕುವ ಘಟಕ. ಕಸೂತಿ ಯಂತ್ರಕ್ಕೆ ಡಿಸೈನ್ ಕೊಡುವುದು ಫ್ಲಾಪಿಯಲ್ಲೇ. ಎರಡು ತೊಂದರೆ: ಯಂತ್ರ ತಿಂಗಳಿಗೊಮ್ಮೆ ಓದುವುದನ್ನು ನಿಲ್ಲಿಸುತ್ತದೆ. ಯಂತ್ರದಲ್ಲೇ ಫಾರ್ಮ್ಯಾಟ್ ಮಾಡಿದ ಫ್ಲಾಪಿಯನ್ನು ಕಂಪ್ಯೂಟರಿಗೆ ಹಾಕಿದರೆ 'ಫಾರ್ಮ್ಯಾಟ್ ಆಗಿಲ್ಲ' ಎನ್ನುತ್ತದೆ.
– ಘಟಕದ ಮಾಲೀಕರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಸಾಹುಕಾರರೇ, ಮೊದಲನೆಯದಕ್ಕೆ ಕಾರಣ ನಿಮ್ಮ ಘಟಕದ ಗಾಳಿಯಲ್ಲೇ ಇದೆ. ಡೆನಿಮ್ ಬಟ್ಟೆಯಿಂದ ಏಳುವ ನೀಲಿ ನೂಲಿನ ಜೊಂಡು ಡ್ರೈವಿನ ಬಾಯಿಗೆ ಹೋಗಿ ಹೆಡ್ಡಿಗೆ ಸುತ್ತಿಕೊಳ್ಳುತ್ತದೆ. ನಿಮ್ಮಂಥ ಘಟಕವೊಂದರ ಡ್ರೈವ್ ಬಿಚ್ಚಿದಾಗ ಎರಡು ಹೆಡ್‌ಗಳ ನಡುವೆ ನೀಲಿ ಹತ್ತಿಯ ಬತ್ತಿಯೇ ಕೂತಿತ್ತು. ಮೇಲೆ ಹೇಳಿದಂತೆ ಹೆಡ್ ಒರೆಸಿ. ಕೆಲಸವಿಲ್ಲದಾಗ ಡ್ರೈವಿನ ಬಾಯಿಗೆ ಒಂದು ಬಟ್ಟೆಯ ಪರದೆ ಇಳಿಬಿಡಿ.

ಎರಡನೆಯದು ಸ್ವಾರಸ್ಯದ ವಿಷಯ. ನಿಮ್ಮ ಯಂತ್ರದ ಡ್ರೈವ್ 720 ಕೆಬಿ ಲೆಕ್ಕದ್ದು ಇರಬೇಕು. ಈಗ ನಿಮಗೆ ಸಿಗುತ್ತಿರುವುದು 1.44 ಎಂಬಿಯ ಫ್ಲಾಪಿ. ಎರಡಕ್ಕೂ ನೋಟಕ್ಕೆ ಇರುವ ವ್ಯತ್ಯಾಸ ಒಂದೇ, 1.44ಕ್ಕೆ ಎರಡೂ ಮೂಲೆಯಲ್ಲಿ ತೂತು, 720ಕ್ಕೆ ಒಂದೇ ಮೂಲೆಯಲ್ಲಿ. ಕಸೂತಿ ಯಂತ್ರ ಆ ಎರಡನೆಯ ತೂತನ್ನು ನೋಡದೆ ತನ್ನ ಲೆಕ್ಕದಂತೆ 720ಕ್ಕೆ ಬರೆಯುತ್ತದೆ. ಕಂಪ್ಯೂಟರಿನ ಬಹಳಷ್ಟು ಡ್ರೈವುಗಳು ತೂತನ್ನು ನೋಡಿ, ಇದು 1.44 ಎಂದು ತಿಳಿದು ಹಾಗೆ ಓದಲು ಹೋಗಿ ಸೋಲುತ್ತವೆ. ಜಾರುಗುಂಡಿ ಇಲ್ಲದ ಬದಿಯ ತೂತಿಗೆ ಎರಡೂ ಕಡೆಯಿಂದ ಬೆಳಕು ಹಾಯದ ಟೇಪ್ ಅಂಟಿಸಿ ಹಾಕಿ ನೋಡಿ. ಆಗಲೂ ಓದದಿದ್ದರೆ ಯಂತ್ರ ತನ್ನದೇ ಆದ ರೀತಿಯಲ್ಲಿ ಬರೆಯುತ್ತಿದೆ ಎಂದರ್ಥ, ಡಿಸೈನ್ ತಂತ್ರಾಂಶದ ಮೂಲಕವೇ ಓದಿಸಬೇಕು. ಆದರೆ ಇದು ತಾತ್ಕಾಲಿಕ ಉಪಾಯ. ಎರಡೂ ಬಗೆಯ ಫ್ಲಾಪಿಗಳ ಕಾಂತೀಯ ಲೇಪನ ಬೇರೆ ಬೇರೆ. 1.44ರ ಮೇಲೆ 720ರ ಬರಹ ಬಹುಕಾಲ ನಿಲ್ಲುತ್ತದೆ ಎಂದು ನಂಬಬೇಡಿ.

ನಿಮ್ಮದು ದಿನದ ಅನ್ನದ ಯಂತ್ರ. ಅದಕ್ಕೆ ಹಳೆಯ ಡ್ರೈವಿನ ಜಾಗದಲ್ಲಿ ಪೆನ್ ಡ್ರೈವ್ ಹಾಕಿಸಿಕೊಳ್ಳುವ ಫ್ಲಾಪಿ ಎಮ್ಯುಲೇಟರ್ ಕೂರಿಸುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಗೋಟೆಕ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದೇ 34 ತಂತಿಯ ಕೇಬಲ್, ಅದೇ ವಿದ್ಯುತ್ತಿನ ಗೂಡು. ಕೊಳ್ಳುವಾಗ 720 ಕೆಬಿಯದೇ ಎಂದು ಒತ್ತಿ ಕೇಳಿ, 1.44ರದು ಬೇರೆ ಬರುತ್ತದೆ. ಸೋನಿ ಕಂಪನಿ 2011ರ ಮಾರ್ಚಿನಲ್ಲೇ ಫ್ಲಾಪಿ ಮಾರಾಟ ನಿಲ್ಲಿಸಿತು. ಈಗ ಪೇಟೆಯಲ್ಲಿ ಸಿಗುವುದೆಲ್ಲ ಹಳೆಯ ದಾಸ್ತಾನು. ಹಳೆಯ ಡಿಸೈನುಗಳ ಪ್ರತಿ ಪೂರ್ತಿ ಆಗುವವರೆಗೆ ಹಳೆಯ ಡ್ರೈವನ್ನು ಮಾತ್ರ ಡಬ್ಬಿಯಲ್ಲಿ ಕಟ್ಟಿಡಿ.

ಪ್ರಶ್ನೆ: ಪ್ರಯೋಗಾಲಯದ ಹಳೆಯ ಕಂಪ್ಯೂಟರಿನಲ್ಲಿ ಒಂದು ಫ್ಲಾಪಿ ತೆಗೆದು ಇನ್ನೊಂದು ಹಾಕಿದರೂ ಮೊದಲಿನದರ ಪಟ್ಟಿಯೇ ಕಾಣುತ್ತದೆ. ಏಕೆ?
– ಉಪನ್ಯಾಸಕರು, ಕೊಪ್ಪಳ

ಉತ್ತರ: ಕೇಬಲಿನ 34ನೆಯ ತಂತಿ 'ಫ್ಲಾಪಿ ಬದಲಾಯಿತು' ಎಂಬ ಸುದ್ದಿಯನ್ನು ಒಯ್ಯುತ್ತದೆ. ಅದು ತುಂಡಾಗಿದ್ದರೆ, ಅಥವಾ ಡ್ರೈವಿನಲ್ಲಿ ಆ ಸುದ್ದಿಯ ಜಂಪರ್ (ಎರಡು ಕಾಲುಗಳನ್ನು ಜೋಡಿಸುವ ಪುಟ್ಟ ಟೊಪ್ಪಿ) ತಪ್ಪಾಗಿದ್ದರೆ, ಕಂಪ್ಯೂಟರ್ ಹಳೆಯ ಪಟ್ಟಿಯನ್ನೇ ನೆನಪಿನಿಂದ ತೋರಿಸುತ್ತದೆ. ಕೇಬಲ್ ಬದಲಿಸಿ ನೋಡಿ, ಬಹಳ ಸಲ ಅಷ್ಟರಲ್ಲೇ ಮುಗಿಯುತ್ತದೆ. ಸರಿಹೋಗುವವರೆಗೆ ವಿದ್ಯಾರ್ಥಿಗಳು ಅದರಲ್ಲಿ ಏನನ್ನೂ ಬರೆಯದಂತೆ ನೋಡಿಕೊಳ್ಳಿ. ಬರೆದರೆ ಕಂಪ್ಯೂಟರ್ ಮೊದಲ ಫ್ಲಾಪಿಯ ಲೆಕ್ಕವನ್ನು ಎರಡನೆಯದರ ಮೇಲೆ ಬರೆದು ಅದರ ಕಡತಗಳನ್ನು ಹಾಳುಮಾಡುತ್ತದೆ.

ಪ್ರಶ್ನೆ: ಹಳೆಯ ಅಡತಿ ಅಂಗಡಿಯ ಕಪಾಟಿನಲ್ಲಿ ಅಗಲವಾದ, ಬಾಗುವ ಫ್ಲಾಪಿಗಳು ಸಿಕ್ಕಿವೆ. ತಂದೆಯವರ ಹತ್ತಿ ವ್ಯಾಪಾರದ ಲೆಕ್ಕ. ಕಪ್ಪು ತಟ್ಟೆಯ ಮೇಲೆ ಬಿಳಿ ಚುಕ್ಕೆಗಳಿವೆ. ಸ್ನೇಹಿತರ ಬಳಿ 1.2 ಎಂಬಿಯ ಡ್ರೈವ್ ಇದೆ, ಹಾಕಬಹುದೇ?
– ವ್ಯಾಪಾರಿ, ರಾಯಚೂರು

ಉತ್ತರ: ಹಾಗೆಯೇ ಹಾಕಬೇಡಿ. ಬಿಳಿ ಚುಕ್ಕೆ ಬೂಷ್ಟು. ಅದು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಸುತ್ತಿನಿಂದಲೇ ಲೇಪನವನ್ನು ಕೆರೆಯಲು ಶುರು ಮಾಡುತ್ತದೆ. ಒಂದು ಬೂಷ್ಟು ಹಿಡಿದ ಫ್ಲಾಪಿ ಡ್ರೈವನ್ನು ಕೆಡಿಸುತ್ತದೆ, ಆ ಡ್ರೈವ್ ಆಮೇಲೆ ಹಾಕಿದ ಒಳ್ಳೆಯ ಫ್ಲಾಪಿಗಳನ್ನೂ ಗೀರುತ್ತದೆ.

ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹೊರಗವಚದ ಒಂದು ಅಂಚನ್ನು ಬ್ಲೇಡಿನಿಂದ ಬಿಡಿಸಿ, ತಟ್ಟೆಯನ್ನು ಅಂಚು ಮತ್ತು ನಡುವಿನ ರಂಧ್ರದಲ್ಲಿ ಮಾತ್ರ ಹಿಡಿದು ಹೊರತೆಗೆಯಿರಿ. ಮೇಲಿನ ಬದಿ ಯಾವುದು ಎಂದು ನಡುವಿನ ಉಂಗುರದ ಹತ್ತಿರ ಪೆನ್ನಿನಿಂದ ಚುಕ್ಕೆ ಇಡುವುದನ್ನು ಮರೆಯಬೇಡಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ, ನುಣುಪಾದ ಬಟ್ಟೆಯಿಂದ ಒತ್ತದೆ ಒರೆಸಿ, ಮತ್ತೆ ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿ. ರಾಯಚೂರಿನ ಬಿಸಿಲು ಕಂಡು ಆಸೆಪಡಬೇಡಿ, ಬಿಸಿಲಿಗೆ ಇಟ್ಟರೆ ತಟ್ಟೆ ಸೊಟ್ಟಗಾಗುತ್ತದೆ. ನೆರಳಿನಲ್ಲಿ ನೇತುಹಾಕಿ ಪೂರ್ತಿ ಒಣಗಿಸಿ. ಒಣಗಿದ ಮೇಲೆ ಕೆಲಸಕ್ಕೆ ಬಾರದ ಬೇರೊಂದು ಶುದ್ಧ ಫ್ಲಾಪಿಯ ಕವಚದೊಳಗೆ ಸೇರಿಸಿ. ಹಳೆಯ ಕವಚದ ಒಳಗಿನ ಅಸ್ತರಿನಲ್ಲಿ ಬೂಷ್ಟು ಉಳಿದಿರುತ್ತದೆ. ಬೆಲೆಯಿಲ್ಲದ ಒಂದರ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ. ಓದಿಸುವಾಗ ಪ್ರತಿ ಫ್ಲಾಪಿಯ ನಂತರವೂ ಹೆಡ್ ಒರೆಸಿ.

1.2 ಎಂಬಿ ಡ್ರೈವ್ 360 ಕೆಬಿಯ ಹಳೆಯ ಫ್ಲಾಪಿಗಳನ್ನು ಓದುತ್ತದೆ, ಅಡ್ಡಿಯಿಲ್ಲ. ಅದರಿಂದ ಬರೆಯುವುದು ಮಾತ್ರ ಬೇಡ. 360ರದು 40 ಸುತ್ತಿನ ಅಗಲ ಗೆರೆ, 1.2ರದು 80 ಸುತ್ತಿನ ಕಿರಿದಾದ ಗೆರೆ. ಅಗಲ ಗೆರೆಯ ಮೇಲೆ ಕಿರಿದಾಗಿ ಬರೆದದ್ದನ್ನು ಮೂಲ ಡ್ರೈವ್ ಆಮೇಲೆ ಓದಲಾರದು. ಈ ಫ್ಲಾಪಿಗಳಲ್ಲಿ ಜಾರುಗುಂಡಿ ಇರುವುದಿಲ್ಲ, ಅಂಚಿನಲ್ಲಿ ಚೌಕದ ಕಚ್ಚು ಇರುತ್ತದೆ. ಇಲ್ಲಿ ನಿಯಮ ತಿರುಗುಮುರುಗು: ಕಚ್ಚು ತೆರೆದಿದ್ದರೆ ಬರೆಯುತ್ತದೆ, ಮುಚ್ಚಿದರೆ ಬರೆಯುವುದಿಲ್ಲ. ಕಪ್ಪು ಟೇಪ್ ಅಂಟಿಸಿ ಮುಚ್ಚಿಯೇ ಹಾಕಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಗುಜರಿಯಲ್ಲಿ ಸಿಕ್ಕ ದಪ್ಪನೆಯ 5.25 ಇಂಚಿನ ಡ್ರೈವ್ ಒಮ್ಮೆ ಓದುತ್ತದೆ, ಒಮ್ಮೆ ಓದುವುದಿಲ್ಲ. ಹೆಡ್ ಒರೆಸಿದ್ದೇನೆ, ಕೇಬಲ್ ಸರಿಯಿದೆ. ಕೆಳಗೆ ಒಂದು ಬೆಲ್ಟ್ ಮತ್ತು ಗೆರೆ ಗೆರೆಯ ಚಕ್ರ ಕಾಣುತ್ತದೆ.
– ವಿದ್ಯಾರ್ಥಿ, ಕಂಪ್ಲಿ

ಉತ್ತರ: ತಮ್ಮಾ, ಆ ಗೆರೆಗಳನ್ನು ಗಮನಿಸಿದೆಯಲ್ಲ, ನಿನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಬೆಲ್ಟ್ ಸಡಿಲಾಗಿ ವೇಗ ಏರುಪೇರಾಗುತ್ತಿದೆ. ಆ ಚಕ್ರ ನಿಮಿಷಕ್ಕೆ ಸರಿಯಾಗಿ 300 ಸುತ್ತು ತಿರುಗಬೇಕು. ಅದನ್ನು ಅಳೆಯಲು ಯಾವ ಮೀಟರೂ ಬೇಡವೆಂದೇ ಗೆರೆ ಹಾಕಿಟ್ಟಿದ್ದಾರೆ. ಎರಡು ಬಳೆಗಳಂತೆ ಗೆರೆಗಳಿವೆ, ಒಂದರ ಪಕ್ಕ 50, ಇನ್ನೊಂದರ ಪಕ್ಕ 60. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್, ಆದ್ದರಿಂದ 50ರ ಬಳೆಯನ್ನು ನೋಡು. ಭಾರವಾದ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ರಾತ್ರಿ ಬೇರೆ ದೀಪಗಳನ್ನೆಲ್ಲ ಆರಿಸಿ, ಅಂಥ ಟ್ಯೂಬಿನ ಕೆಳಗೆ ಡ್ರೈವನ್ನು ಮಗುಚಿ ಹಿಡಿದು ತಿರುಗಿಸು. ವೇಗ ಸರಿಯಿದ್ದರೆ ಓಡುತ್ತಿರುವ ಚಕ್ರದ ಗೆರೆಗಳು ನಿಂತುಬಿಟ್ಟಂತೆ ಕಾಣುತ್ತವೆ. ಗೆರೆಗಳು ಮುಂದಕ್ಕೆ ತೇಲಿದರೆ ವೇಗ ಹೆಚ್ಚು, ಹಿಂದಕ್ಕೆ ತೇಲಿದರೆ ಕಡಿಮೆ. ಮೊದಲ ಸಲ ಅದನ್ನು ಕಂಡ ರಾತ್ರಿ ನಾನು ಊಟ ಮರೆತು ನೋಡುತ್ತಾ ಕುಳಿತಿದ್ದೆ. ಎಲೆಕ್ಟ್ರಾನಿಕ್ ಚೋಕಿನ ಟ್ಯೂಬಿನಲ್ಲಿ ಇದು ಕಾಣುವುದಿಲ್ಲ, ಎಲ್‌ಇಡಿ ಬಲ್ಬನ್ನೂ ನಂಬಬೇಡ. ಊರಿನ ಹಳೆಯ ಗಿರಣಿಯಲ್ಲೋ ಗೋದಾಮಿನಲ್ಲೋ ಚೋಕಿನ ಟ್ಯೂಬ್ ಇನ್ನೂ ಇರಬಹುದು, ಕೇಳಿ ನೋಡು.

ಗೆರೆಗಳು ಒಂದೇ ಸಮನೆ ತೇಲುತ್ತಿದ್ದರೆ ಮೋಟಾರಿನ ಬೋರ್ಡಿನ ಮೇಲಿರುವ ಪ್ರಿಸೆಟ್ಟನ್ನು (ವೇಗ ಹೊಂದಿಸುವ ಪುಟ್ಟ ತಿರುಪನ್ನು) ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸು. ನಡುನಡುವೆ ಜಿಗಿಯುತ್ತಿದ್ದರೆ ಬೆಲ್ಟ್ ಜಾರುತ್ತಿದೆ. ಒಮ್ಮೆ ಓದಿ ಒಮ್ಮೆ ಬಿಡುವ ನಿನ್ನ ಡ್ರೈವಿಗೆ ಇದೇ ಆಗಿರಬೇಕು. ಐಪಿಎಯಲ್ಲಿ ಬೆಲ್ಟಿನ ಒಳಮೈ ಮತ್ತು ಚಕ್ರ ಎರಡನ್ನೂ ಒರೆಸಿ ನೋಡು. ಆಗಲೂ ಜಾರಿದರೆ ಅಷ್ಟೇ ಉದ್ದದ, ಅಷ್ಟೇ ಅಗಲದ ಚಪ್ಪಟೆ ಬೆಲ್ಟನ್ನೇ ಹುಡುಕು. ಟೇಪ್ ರೆಕಾರ್ಡರಿನ ದುಂಡನೆಯ ಬೆಲ್ಟ್ ಹಾಕಿ ಸಮಯ ಕಳೆಯಬೇಡ.

ಪ್ರಶ್ನೆ: ನಮ್ಮ ಶಾಲೆಯ ಹನ್ನೊಂದು ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಕೊಡಲು ನಿರ್ಧಾರವಾಗಿದೆ. ಇಟ್ಟುಕೊಳ್ಳುವಂಥದ್ದು ಏನಾದರೂ ಇದೆಯೇ?
– ಮುಖ್ಯ ಶಿಕ್ಷಕರು, ಮಸ್ಕಿ

ಉತ್ತರ: ಗುರುಗಳೇ, ಕೇಳಿದ್ದಕ್ಕೆ ಕೃತಜ್ಞತೆಗಳು. ಕಾಯಿಸಿ ಕರಗಿಸಿದರೆ ಒಂದು ಡ್ರೈವಿನಿಂದ ಹಿಡಿ ತಗಡು ಸಿಗುತ್ತದೆ. ಓಡುವ ಡ್ರೈವ್ ಒಂದಿದ್ದರೆ ಸಿಂಧನೂರಿನ ಅಕ್ಕಾವರಂಥ ಎಷ್ಟೋ ಮನೆಗಳ ಕೆಲಸ ನಡೆಯುತ್ತದೆ. ಹನ್ನೊಂದರಿಂದಲೂ ಫ್ಲಾಪಿ ಡ್ರೈವ್ ಮತ್ತು ಪಟ್ಟಿ ಕೇಬಲ್ ಬಿಚ್ಚಿಟ್ಟುಕೊಳ್ಳಿ, ನಾಲ್ಕೇ ಸ್ಕ್ರೂ. ಯಾವುದಾದರೂ ಇನ್ನೂ ಹಳೆಯದಾಗಿದ್ದು, ಮದರ್‌ಬೋರ್ಡಿನ ಮೇಲೆ ನೀಲಿಯ ಪೀಪಾಯಿಯಂಥ ಬ್ಯಾಟರಿ ಕಂಡು, ಸುತ್ತ ಹಸಿರು ಕಿಲುಬು ಹಿಡಿದಿದ್ದರೆ ಬರಿಗೈಯಿಂದ ಮುಟ್ಟಬೇಡಿ. ಆ ಬ್ಯಾಟರಿಯನ್ನು ಮನೆಯ ಕಸಕ್ಕೂ ಹಾಕಬೇಡಿ.

ಬಿಚ್ಚುವ ಮುಂಚೆ ಒಂದೊಂದು ಡ್ರೈವಿನ ಬಾಯಿಗೂ ಟಾರ್ಚ್ ಬಿಟ್ಟು ನೋಡಿ. ಗುಜರಿಯಿಂದ ನಾನು ತಂದ ಡ್ರೈವುಗಳಲ್ಲಿ ಎರಡು ಸಲ ಫ್ಲಾಪಿ ಒಳಗೇ ಉಳಿದಿತ್ತು. ಒಂದರಲ್ಲಿ ಯಾರದೋ ಮದುವೆಯ ಆಮಂತ್ರಣದ ಕರಡು, ಇನ್ನೊಂದರಲ್ಲಿ ಏಳನೆಯ ತರಗತಿಯ ಅಂಕಪಟ್ಟಿ. ಗುಂಡಿ ಒತ್ತಿದರೆ ಬಾರದಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ. ಫ್ಲಾಪಿಯ ತಗಡಿನ ಬಾಗಿಲು ಬಾಗಿ ಮೇಲಿನ ಹೆಡ್ಡಿಗೆ ಸಿಕ್ಕಿರುತ್ತದೆ. ಮೇಲಿನ ಮುಚ್ಚಳ ತೆಗೆದು, ಆ ತಗಡನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಹಿಡಿದು, ಮೆಲ್ಲಗೆ ಹೊರಗೆ ಜಾರಿಸಿ.